ಇ-ಮೇಲ್: ವಿಳಾಸ ನಮ್ಮದಿರಲಿ, ಸರ್ವರ್ ನಮ್ಮದಾಗಲೇಬೇಕೆಂದಿಲ್ಲ

ಪೀಣ್ಯದ ಯಂತ್ರಭಾಗ ತಯಾರಕರಿರಲಿ, ಬೆಳಗಾವಿಯ ಎರಕದ ಕಾರ್ಖಾನೆಯವರಿರಲಿ, ದೂರದ ಗಿರಾಕಿಗಳೊಡನೆ ಕೊಟೇಶನ್, ಖರೀದಿ ಆದೇಶ, ಬಿಲ್ಲುಗಳ ವಿನಿಮಯ ಇಂದು ಬಹುಪಾಲು ಇ-ಮೇಲ್ ಮೂಲಕವೇ ನಡೆಯುತ್ತಿದೆ. ಆದರೂ ನಮ್ಮಲ್ಲಿ ಅನೇಕ ಸಂಸ್ಥೆಗಳ ಲೆಟರ್‌ಹೆಡ್ ಮೇಲಿರುವುದು ಯಾವುದೋ ಉಚಿತ ಖಾತೆಯ ವಿಳಾಸ. ಅದನ್ನು ತೆರೆದ ಗುಮಾಸ್ತ ಕೆಲಸ ಬಿಟ್ಟರೆ ಪಾಸ್‌ವರ್ಡ್ ಜೊತೆಗೆ ವರ್ಷಗಳ ಪತ್ರವ್ಯವಹಾರವೂ ಕೈತಪ್ಪಬಹುದು.

ಇದಕ್ಕೆ ಪರಿಹಾರವಾಗಿ ಕೆಲವು ಮಿತ್ರರು ಒಂದು ಸಲಹೆ ನೀಡುತ್ತಾರೆ: ಬ್ರಾಡ್‌ಬ್ಯಾಂಡ್ ಅಗ್ಗವಾಗಿದೆ, ಲಿನಕ್ಸ್ ಹಾಗೂ ಪೋಸ್ಟ್‌ಫಿಕ್ಸ್‌ನಂತಹ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ, ಹಳೆಯ ಕಂಪ್ಯೂಟರ್ ಒಂದರಲ್ಲಿ ನಮ್ಮದೇ ಮೇಲ್ ಸರ್ವರ್ ನಡೆಸಬಾರದೇಕೆ? ಈ ಮಾತಿನಲ್ಲಿ ಹುರುಳಿದೆ. ಕರೆಂಟು ಹೋದರೆ ಪತ್ರಗಳು ಕಳೆದುಹೋಗುತ್ತವೆಂಬ ಭಯವೂ ಬೇಕಿಲ್ಲ. ನಮ್ಮ ಸರ್ವರ್ ದೊರೆಯದಿದ್ದಾಗ ಕಳುಹಿಸುವವರ ಸರ್ವರ್ ಸಾಮಾನ್ಯವಾಗಿ ನಾಲ್ಕೈದು ದಿನ ಪತ್ರವನ್ನು ಕಾದಿರಿಸಿಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ.

ನಿಜವಾದ ತೊಡಕು ನಾವು ಕಳುಹಿಸುವ ಪತ್ರಗಳದು. ಅಗ್ಗದ ಸಂಪರ್ಕದಲ್ಲಿ ಐಪಿ ವಿಳಾಸ ಆಗಾಗ ಬದಲಾಗುತ್ತದೆ. ಎಷ್ಟೋ ಕಡೆ ಒಂದೇ ವಿಳಾಸವನ್ನು ಹಲವು ಗ್ರಾಹಕರು ಹಂಚಿಕೊಂಡಿರುತ್ತಾರೆ. ಸ್ಪ್ಯಾಮ್ ತಡೆಯಲೆಂದು ಅನೇಕ ಸೇವಾದಾರರು ಮೇಲ್ ಸಾಗುವ 25ನೇ ಪೋರ್ಟನ್ನು ಮುಚ್ಚಿರುತ್ತಾರೆ. ಐಪಿ ವಿಳಾಸದಿಂದ ಸರ್ವರಿನ ಹೆಸರನ್ನು ತಿಳಿಸುವ ರಿವರ್ಸ್ ಡಿಎನ್‌ಎಸ್ ದಾಖಲೆಯೂ ಅವರ ಕೈಯಲ್ಲೇ ಇರುತ್ತದೆ. 2024ರ ಫೆಬ್ರವರಿಯಿಂದ ಜಿಮೇಲ್ ತನ್ನ ಖಾತೆಗಳಿಗೆ ಪತ್ರ ಕಳುಹಿಸುವ ಎಲ್ಲರಿಗೂ ಈ ದಾಖಲೆಯನ್ನೂ ಎಸ್‌ಪಿಎಫ್ ಅಥವಾ ಡಿಕೆಐಎಂ ದೃಢೀಕರಣವನ್ನೂ ಕಡ್ಡಾಯಗೊಳಿಸಿದೆ. ಇವಿಲ್ಲದ ಪತ್ರ ತಿರಸ್ಕೃತವಾದರೆ ನಮಗೆ ತಿಳಿಯುತ್ತದೆ. ಸ್ಪ್ಯಾಮ್ ಕಡತಕ್ಕೆ ಬಿದ್ದರೆ ತಿಳಿಯುವುದೇ ಇಲ್ಲ. ಕೊಟೇಶನ್ ಬರಲಿಲ್ಲವೆಂದು ಗಿರಾಕಿ ಬೇರೆಯವರಿಗೆ ಆದೇಶ ಕೊಟ್ಟಿರುತ್ತಾನೆ. ನಾವು ಉತ್ತರಕ್ಕಾಗಿ ಕಾಯುತ್ತಿರುತ್ತೇವೆ.

ಹೊಣೆಯ ಪ್ರಶ್ನೆಯೂ ಇದೆ. 2022ರ ಏಪ್ರಿಲ್‌ನಲ್ಲಿ ಸರ್ಟ್-ಇನ್ ಹೊರಡಿಸಿದ ನಿರ್ದೇಶನದಂತೆ, ಸೈಬರ್ ದಾಳಿಯನ್ನು ಅರಿವಿಗೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. ಗಣಕ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಕಾಪಾಡಬೇಕು. ಹತ್ತು ಜನರ ವರ್ಕ್‌ಶಾಪಿನಲ್ಲಿ ಸರ್ವರಿನ ಲಾಗ್ ನೋಡುವವರು ಯಾರು?

ಆದ್ದರಿಂದ ನನ್ನ ಅಭಿಪ್ರಾಯವಿಷ್ಟು: ನಮ್ಮ ಸ್ವತ್ತಾಗಬೇಕಾದದ್ದು ಯಂತ್ರವಲ್ಲ, ಡೊಮೇನ್ ಹೆಸರು. ಅದು ವೆಬ್‌ಸೈಟ್ ಮಾಡಿಕೊಟ್ಟವರ ಹೆಸರಿನಲ್ಲಿರದೆ ಸಂಸ್ಥೆಯ ಹೆಸರಿನಲ್ಲೇ ನೋಂದಣಿಯಾಗಿರಬೇಕು. ಮೇಲ್ ಸೇವೆಯನ್ನು ಬಾಡಿಗೆಗೆ ಪಡೆಯೋಣ. ಸೇವೆ ಹಿಡಿಸದಿದ್ದರೆ ಡೊಮೇನಿನ ಎಂಎಕ್ಸ್ ದಾಖಲೆಯನ್ನು ಬದಲಿಸಿ ಬೇರೆಯವರಲ್ಲಿಗೆ ಹೋಗಬಹುದು. ನಮ್ಮ ವಿಳಾಸ ಬದಲಾಗದು. ಆ ಹಳೆಯ ಕಂಪ್ಯೂಟರ್ ವ್ಯರ್ಥವಾಗಬೇಕಿಲ್ಲ; ಪತ್ರಗಳ ಪ್ರತಿಯನ್ನು ಪ್ರತಿದಿನ ಅದರಲ್ಲಿ ಉಳಿಸಿಕೊಳ್ಳಲಿ. ಬಲ್ಲ ಸಿಬ್ಬಂದಿಯಿದ್ದು ಸ್ವಂತ ಸರ್ವರನ್ನೇ ಬಯಸುವವರು ಸ್ಥಿರ ಐಪಿ ಪಡೆದು, ಹೊರಹೋಗುವ ಪತ್ರಗಳನ್ನಾದರೂ ವಿಶ್ವಾಸಾರ್ಹ ರಿಲೇ ಸೇವೆಯ ಮೂಲಕ ಕಳುಹಿಸುವುದು ಲೇಸು.

ಮೇಲ್‌ಬಾಕ್ಸ್‌ಗೆ ತಿಂಗಳಿಗೊಮ್ಮೆ ತೆರುವ ಬಾಡಿಗೆಯನ್ನು ಉಳಿತಾಯದ ಲೆಕ್ಕದಲ್ಲಿ ಹಿಡಿಯುವ ಮೊದಲು, ತಲುಪದೆ ಹೋದ ಒಂದು ಕೊಟೇಶನ್ನಿನ ಬೆಲೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನಮ್ಮ ಸಂಸ್ಥೆಯ ಡೊಮೇನ್ ಯಾರ ಹೆಸರಿನಲ್ಲಿದೆ ಎಂಬುದನ್ನು ಸದಸ್ಯ ಬಂಧುಗಳು ಈ ತಿಂಗಳೇ ಪರಿಶೀಲಿಸಲೆಂದು ವಿನಂತಿ.