ಮೊದಲ ಹಣ ಕೊಡುವವರು ಯಾರು?

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕ್ಯಾಲಿಫೋರ್ನಿಯಾದಿಂದ ಕರೆ ಮಾಡಿದ್ದ. ಹಲವು ವರ್ಷ ಅಲ್ಲಿ ನೌಕರಿ ಮಾಡಿದವನಿಗೆ ಈಗ ಸ್ವಂತ ಉದ್ದಿಮೆ ಆರಂಭಿಸುವ ಹಂಬಲ. "ಮೇಷ್ಟ್ರೇ, ಯೋಜನೆ ಚೆನ್ನಾಗಿದೆ ಅಂತಾರೆ. ಆಮೇಲೆ ವೀಸಾ ಯಾವುದು ಅಂತ ಕೇಳ್ತಾರೆ. ಅಲ್ಲಿಗೆ ಮಾತು ಮುಗಿಯುತ್ತೆ" ಎಂದ. ಗಣಿತದಲ್ಲಿ ಎಂದೂ ಎಡವದ ಹುಡುಗನ ದನಿಯಲ್ಲಿ ಆ ಸೋಲನ್ನು ಕೇಳಿ ಮನಸ್ಸಿಗೆ ಕಸಿವಿಸಿಯಾಯಿತು.

ಅಡವಿಡಲು ಆಸ್ತಿಯಿಲ್ಲದ ಹೊಸ ಉದ್ದಿಮೆಗೆ ಬ್ಯಾಂಕು ಸುಲಭವಾಗಿ ಸಾಲ ಕೊಡದು. ಮೊದಲ ಹಣ ಬಹುಮಟ್ಟಿಗೆ ಬಂಧುಮಿತ್ರರಿಂದಲೇ ಬರಬೇಕು. ಅಲ್ಲಿಯೇ ಹುಟ್ಟಿ ಬೆಳೆದವನಿಗೆ ಚಿಕ್ಕಪ್ಪನೋ ಸಹಪಾಠಿಯೋ ಇರುತ್ತಾರೆ. ವಲಸೆ ಹೋದವನ ಬಂಧುಗಳಾದರೋ ಸಾಗರದ ಈಚೆಗೆ. ಇಲ್ಲಿನ ತಂದೆ ಜೀವಮಾನವಿಡೀ ಕೂಡಿಟ್ಟ ರೂಪಾಯಿ ಡಾಲರಾಗುವಾಗ ಉಳಿಯುವುದೆಷ್ಟು?

ಇನ್ನು ಕಾನೂನು. ಎಚ್-1ಬಿ ವೀಸಾದವನು ಕೆಲಸ ಕೊಟ್ಟ ಸಂಸ್ಥೆಗೆ ಕಟ್ಟುಬಿದ್ದವನು. ಕೆಲಸ ಬಿಟ್ಟರೆ ಸಾಮಾನ್ಯವಾಗಿ 60 ದಿನಗಳೊಳಗೆ ಬೇರೆ ದಾರಿ ಹುಡುಕಬೇಕು, ಇಲ್ಲವೇ ದೇಶ ಬಿಡಬೇಕು. ಉದ್ಯಮಿಗಳಿಗೆಂದೇ 2017ರಲ್ಲಿ ಅಮೆರಿಕ ಒಂದು ನಿಯಮ ರೂಪಿಸಿತು. ಅಲ್ಲಿಯ ಅರ್ಹ ಹೂಡಿಕೆದಾರರಿಂದ 2,50,000 ಡಾಲರ್ ಪಡೆದವರಿಗೆ 30 ತಿಂಗಳವರೆಗೆ ಉಳಿಯುವ ಅವಕಾಶವನ್ನು ಅದು ತೋರಿಸಿತು. ಆ ಮೊತ್ತ ಅನಂತರ ಇನ್ನೂ ಏರಿದೆ. ಆದರೆ ಉಳಿಯುವ ಭರವಸೆಯಿಲ್ಲದವನಿಗೆ ಹಣ ಕೊಡುವವರಾರು? ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎಂಬಂತಾಯಿತು.

ಹೂಡಿಕೆದಾರರನ್ನು ಪೂರ್ತಿ ದೂರಲಾರೆ. ಅವರ ಕೈಯಲ್ಲಿರುವುದೂ ಹೆಚ್ಚಾಗಿ ಪರರ ಹಣವೇ. ಆದರೂ ಅವರ ಭಯಕ್ಕೆ ಇತಿಹಾಸದ ಬೆಂಬಲವಿಲ್ಲ. ಬೆಂಗಳೂರಿನಲ್ಲಿ ಶಾಲೆ ಓದಿದ ಸಬೀರ್ ಭಾಟಿಯಾ 1996ರಲ್ಲಿ ಗೆಳೆಯನೊಡನೆ ಹಾಟ್‌ಮೇಲ್ ಆರಂಭಿಸಿದಾಗ ದೊರೆತ ಮೊದಲ ಹೂಡಿಕೆ 3,00,000 ಡಾಲರ್. ಮರುವರ್ಷವೇ ಮೈಕ್ರೋಸಾಫ್ಟ್ ಅದನ್ನು ಕೋಟಿಗಟ್ಟಲೆ ಡಾಲರ್ ಕೊಟ್ಟು ಕೊಂಡಿತು. 1995ರಿಂದ 2005ರವರೆಗೆ ಅಮೆರಿಕದಲ್ಲಿ ಹುಟ್ಟಿದ ತಂತ್ರಜ್ಞಾನ ಸಂಸ್ಥೆಗಳಲ್ಲಿ ಸುಮಾರು ಕಾಲುಭಾಗಕ್ಕೆ ವಲಸಿಗ ಸ್ಥಾಪಕರಿದ್ದರೆಂದು 2007ರ ಒಂದು ಅಧ್ಯಯನ ಹೇಳಿತು.

ನಾನು ಶಿಕ್ಷಕರ ತರಬೇತಿಗೆ ಹೊರಟಾಗ ನಮ್ಮೂರಿನ ಕಿರಾಣಿ ಅಂಗಡಿಯವರು ಪತ್ರ, ಜಾಮೀನು ಏನೂ ಇಲ್ಲದೆ 200 ರೂಪಾಯಿ ಕೊಟ್ಟಿದ್ದರು. "ನಿಮ್ಮಪ್ಪನನ್ನು ಬಲ್ಲೆ" ಎಂದಷ್ಟೇ ಅಂದರು. ಅಂದು ನನಗೆ ಸಿಕ್ಕ ಬಂಡವಾಳ ನನ್ನ ಯೋಗ್ಯತೆಯದಲ್ಲ, ಪರಿಚಯದ್ದು. ನನ್ನ ವಿದ್ಯಾರ್ಥಿಗೆ ಯೋಗ್ಯತೆಯಿದೆ. ಆದರೆ ಅವನ ಅಪ್ಪನನ್ನು ಬಲ್ಲವರು ಆ ಊರಿನಲ್ಲಿ ಯಾರೂ ಇಲ್ಲ.

ಈ ಕೊರತೆಯನ್ನು ನೀಗಲೆಂದೇ ಅಲ್ಲಿ ನೆಲೆನಿಂತ ನಮ್ಮವರು 1992ರಲ್ಲಿ ಸಿಲಿಕಾನ್ ಕಣಿವೆಯಲ್ಲಿ 'ಟೈ' ಎಂಬ ಸಂಘ ಕಟ್ಟಿದರು. ಒಳ್ಳೆಯ ಕೆಲಸ. ಆದರೆ ಇಂತಹ ಬಾಗಿಲು ಹೆಸರಾಂತ ಕಾಲೇಜಿನವರಿಗೆ ಬೇಗ ತೆರೆಯುತ್ತದೆ, ಹಳ್ಳಿಶಾಲೆಯಿಂದ ಬಂದವನು ಹೊಸಿಲಲ್ಲೇ ಕಾಯುತ್ತಾನೆ ಎಂಬ ಸಂಶಯ ನನಗಿದೆ.

ಹೊರದೇಶಗಳಲ್ಲಿ ನೆಲೆಯೂರಿರುವ ನನ್ನ ಶಿಷ್ಯರೇ, ಕಣ್ಣು ಮುಚ್ಚಿ ಹಣ ಹಾಕಿರೆಂದು ಹೇಳಲಾರೆ. ಹೊಸಬನೊಬ್ಬ ಬಂದಾಗ ವೀಸಾ ವಿಚಾರಿಸುವ ಮೊದಲು ಅವನ ಯೋಜನೆಯನ್ನು ಓದಿ. ಮೆಚ್ಚಿಗೆಯಾದರೆ ಬಲ್ಲವರೊಬ್ಬರಿಗೆ ಪರಿಚಯ ಮಾಡಿಸಿ, "ಇವನನ್ನು ಬಲ್ಲೆ" ಎನ್ನಿ. ನನ್ನ ಬದುಕು ಆರಂಭವಾದದ್ದು ಅಂಥದೊಂದು ಮಾತಿನಿಂದ.