ಕಾಣದೆಂದ ಮಸೂರ ಕಂಡಿತು

ಕಣ್ಣಿಗೆ ಕಾಣದ, ಕೈಗೆ ನಿಲುಕದ ವಿಷಯವನ್ನು ಗಣಿಸಿ ಫಲವೇನು? ವಿದ್ಯಾರ್ಥಿಗಳು ಹೀಗೆ ಕೇಳುವುದುಂಟು, ಹಿರಿಯರೂ ಕೇಳುವುದುಂಟು. ಬೆಳಕಿನ ಬಾಗುವಿಕೆಯ ಚರಿತ್ರೆಯೇ ಇದಕ್ಕೆ ತಕ್ಕ ಉತ್ತರವೆಂದು ನಾವು ಭಾವಿಸುತ್ತೇವೆ.

ಸೂರ್ಯನ ಅಂಚನ್ನು ಸವರಿ ಬರುವ ಕಿರಣವು ಗುರುತ್ವದಿಂದ 1.75 ವಿಕಲೆಯಷ್ಟು ಬಾಗಬೇಕೆಂದು ಐನ್‌ಸ್ಟೈನರು ಗಣಿಸಿದ್ದರು. ಒಂದು ಡಿಗ್ರಿಯನ್ನು 3600 ಪಾಲು ಮಾಡಿದರೆ ಅದರಲ್ಲೊಂದು ಪಾಲೇ ವಿಕಲೆ. 1919ರ ಪೂರ್ಣ ಸೂರ್ಯಗ್ರಹಣದ ಛಾಯಾಚಿತ್ರಗಳು ಆ ಗಣನೆಯನ್ನು ಎತ್ತಿಹಿಡಿದವು. ಹಾಗಾದರೆ ದೂರದ ನಕ್ಷತ್ರಕ್ಕೆ ಅಡ್ಡಬಂದ ಇನ್ನೊಂದು ನಕ್ಷತ್ರವು ಮಸೂರದಂತೆ ವರ್ತಿಸಬೇಕಷ್ಟೆ. 1936ರಲ್ಲಿ ಐನ್‌ಸ್ಟೈನರು ಇದನ್ನೂ ಗಣಿಸಿದರು. ಆದರೆ ಅಂಥ ನೋಟವು ನಮಗೆ ದೊರೆಯುವ ಸಂಭವ ಬಹಳವಿಲ್ಲವೆಂದರು.

ಮರುವರ್ಷವೇ ಫ್ರಿಟ್ಸ್ ಜ್ವಿಕಿಯವರು, ಒಂಟಿ ನಕ್ಷತ್ರದ ಮಾತೇಕೆ, ಇಡಿಯ ಗೆಲಾಕ್ಸಿಯೇ ಮಸೂರವಾದೀತೆಂದು ವಾದಿಸಿದರು. 1979ರಲ್ಲಿ ಅದು ನಿಜವಾಯಿತು. ಸುಮಾರು 6 ವಿಕಲೆಗಳ ಅಂತರದಲ್ಲಿ ಕಂಡ ಎರಡು ಕ್ವೇಸಾರುಗಳು ಒಂದೇ ಕ್ವೇಸಾರಿನ ಎರಡು ಬಿಂಬಗಳೆಂದು ತಿಳಿಯಿತು. ನಡುವಣ ಗೆಲಾಕ್ಸಿಯು ಬೆಳಕನ್ನು ಎರಡು ದಾರಿಗಳಲ್ಲಿ ಬಾಗಿಸಿತ್ತು. ಐನ್‌ಸ್ಟೈನರು ಆಸೆ ತೊರೆದಿದ್ದ ಒಂಟಿ ನಕ್ಷತ್ರದ ಮಸೂರಕ್ಕೂ 1993ರಲ್ಲಿ ಸಾಕ್ಷ್ಯ ದೊರೆಯಿತು.

ಇನ್ನೊಂದು ನಿದರ್ಶನವು ಇದಕ್ಕಿಂತ ಸೋಜಿಗದ್ದು. ಈ ದಾರಿಗಳಲ್ಲಿ ಬರುವ ಬೆಳಕಿಗೆ ಹಿಡಿಯುವ ಕಾಲ ಒಂದೇ ಅಲ್ಲ. ಆದುದರಿಂದ ಒಂದೇ ಸೂಪರ್‌ನೋವಾ ಬೇರೆ ಬೇರೆ ಕಾಲಗಳಲ್ಲಿ ನಮಗೆ ಕಾಣಬೇಕು. ಆ ಅಂತರದಿಂದ ವಿಶ್ವವು ಹಿಗ್ಗುವ ವೇಗವನ್ನು ಅಳೆಯಬಹುದು. 1964ರಲ್ಲಿ ಹೀಗೆಂದವರು ನಾರ್ವೆಯ ಶುರ್ ರೆಫ್ಸ್‌ಡಾಲ್. ಅವರು 2009ರಲ್ಲಿ ತೀರಿಕೊಂಡರು. 2014ರಲ್ಲಿ ಹಬಲ್ ದೂರದರ್ಶಕದ ಚಿತ್ರಗಳಲ್ಲಿ ಒಂದೇ ಸೂಪರ್‌ನೋವಾದ ನಾಲ್ಕು ಬಿಂಬಗಳು ದೊರೆತವು. ಮತ್ತೊಂದು ಬಿಂಬವು ಮುಂದೆ ಎಲ್ಲಿ, ಯಾವಾಗ ಮೂಡುವುದೆಂದು ಖಗೋಳಜ್ಞರು ಗಣಿಸಿ ಕಾದರು. 2015ರ ಡಿಸೆಂಬರಿನಲ್ಲಿ ಅದು ಮೂಡಿತು. ಆ ಸೂಪರ್‌ನೋವಾಕ್ಕೆ ರೆಫ್ಸ್‌ಡಾಲ್ ಎಂದೇ ಹೆಸರು.

ಗಣಿಸಿದ್ದೆಲ್ಲವೂ ನಿಜವೆಂದು ನಾವು ಹೇಳುತ್ತಿಲ್ಲ. ಆದರೆ ಇಂಥದು ಕಾಣಬೇಕೆಂದು ಖಚಿತವಾಗಿ ನುಡಿಯುವ ಗಣನೆಯನ್ನು ಎಂದಾದರೊಂದು ದಿನ ಪರೀಕ್ಷಿಸಬಹುದು. 1936ರಲ್ಲಿ ಐನ್‌ಸ್ಟೈನರ ಗಣಿತ ತಪ್ಪಿರಲಿಲ್ಲ. ನಾಳೆಯ ಉಪಕರಣಗಳನ್ನು ಕುರಿತ ಅವರ ಊಹೆ ತಪ್ಪಿತು. ಅಂಥವರೇ ಹೀಗೆ ತಪ್ಪಬಹುದಾದರೆ, ಕಲಿಯುವವನ ಕುತೂಹಲವನ್ನು ನಿಷ್ಪ್ರಯೋಜಕವೆಂದು ತಳ್ಳಿಹಾಕುವ ಅಧಿಕಾರ ನಮ್ಮಲ್ಲಿ ಯಾರಿಗಿದೆ? 'ಕಾಣದು' ಎನ್ನುವ ಮುನ್ನ 'ಇಂದಿನ ಸಾಧನಗಳಿಂದ' ಎಂಬ ಮಾತನ್ನು ಸೇರಿಸುವ ವಿನಯವನ್ನು ಗುರುಗಳೂ ಶಿಷ್ಯರೂ ಕಲಿಯಲಿ.