ಅಮ್ಮನ ಹಪ್ಪಳದ ವೆಬ್‌ಸೈಟಿಗೂ ಬೇಕಿತ್ತು ಒಂದು ಟೆಸ್ಟ್ ಪ್ಲಾನ್

ಮಗಳು ಬೆಂಗಳೂರಿನಲ್ಲಿ ಏನು ಕೆಲಸ ಮಾಡ್ತಾಳೆ ಅಂತ ಯಾರಾದರೂ ಕೇಳಿದರೆ ಅಮ್ಮ ಹೇಳೋದು ಒಂದೇ ಮಾತು: "ಬೇರೆಯವರು ಮಾಡಿದ ಕೆಲಸದಲ್ಲಿ ತಪ್ಪು ಹುಡುಕ್ತಾಳೆ, ಅದಕ್ಕೇ ಸಂಬಳ." ಸಾಫ್ಟ್‌ವೇರ್ ಟೆಸ್ಟರ್ ಅನ್ನೋದನ್ನು ಇದಕ್ಕಿಂತ ಸರಳವಾಗಿ ಹೇಳೋಕೆ ನನಗೂ ಬರಲ್ಲ. ಏಳು ವರ್ಷದಿಂದ ಇದೇ ಮಾಡ್ತಿದೀನಿ. ಅಂಥ ನಾನೇ ಅಮ್ಮನಿಗೆ ಒಂದು ವೆಬ್‌ಸೈಟ್ ಮಾಡಿಕೊಟ್ಟು, ಸರಿಯಾಗಿ ಟೆಸ್ಟ್ ಮಾಡದೇ ಬಿಟ್ಟೆ.

ನಮ್ಮೂರು ಸಾಗರದ ಹತ್ತಿರ. ಅಮ್ಮ ಹಲಸಿನ ಹಪ್ಪಳ, ಸಂಡಿಗೆ, ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರ್ತಾರೆ. ಬಾಯಿಮಾತಿನಲ್ಲೇ ಬೆಳೆದ ವ್ಯಾಪಾರ. ಒಂದು ಭಾನುವಾರ ಕೂತು ನಾಲ್ಕು ಪುಟದ ವೆಬ್‌ಸೈಟ್ ಮಾಡಿದೆ: ಫೋಟೋ, ಬೆಲೆ, ಆರ್ಡರ್ ಫಾರ್ಮ್, ಫೋನ್ ನಂಬರ್. ನನ್ನ ಮೊಬೈಲಿನಲ್ಲಿ ಒಂದು ಸಲ ತೆರೆದು ನೋಡಿದೆ, ಚೆನ್ನಾಗಿ ಕಾಣಿಸ್ತು. ಮುಗೀತು ಅಂದುಕೊಂಡೆ. ಆಫೀಸಿನಲ್ಲಾಗಿದ್ದರೆ ಒಂದು ಬಟನ್ನಿನ ಬಣ್ಣ ಬದಲಾದರೂ ಎರಡು ಪುಟ ಟೆಸ್ಟ್ ಪ್ಲಾನ್ ಬರೀತೀವಿ. ಇದು ಮನೆಯದು, ಚಿಕ್ಕದು, ಇದಕ್ಕೆಲ್ಲ ಪ್ಲಾನ್ ಯಾಕೆ ಅನ್ನಿಸಿತ್ತು.

ಜೂನ್ ಎರಡನೇ ವಾರ ಶಿವಮೊಗ್ಗದಿಂದ ಒಬ್ಬ ಅಜ್ಜಿ ಅಮ್ಮನಿಗೆ ಫೋನ್ ಮಾಡಿದರು. ಹದಿನೈದು ವರ್ಷದಿಂದ ನಮ್ಮ ಮನೆ ಹಪ್ಪಳ ತಗೊಳ್ಳೋರು. "ನಾಡಿದ್ದು ಮೊಮ್ಮಗಳ ಮದುವೆ, ಹಪ್ಪಳ ಇನ್ನೂ ಬಂದಿಲ್ಲವಲ್ಲ?" ಅಮ್ಮನಿಗೆ ಏನೂ ಗೊತ್ತಿಲ್ಲ. ಅಜ್ಜಿಯ ಮಗ ಮೂರು ವಾರದ ಹಿಂದೆಯೇ ನಮ್ಮ ವೆಬ್‌ಸೈಟಿನಲ್ಲಿ 300 ಹಪ್ಪಳಕ್ಕೆ ಆರ್ಡರ್ ಹಾಕಿದ್ದ. "ಧನ್ಯವಾದ, ನಿಮ್ಮ ಆರ್ಡರ್ ಬಂದಿದೆ" ಅಂತ ತೆರೆಯ ಮೇಲೆ ತೋರಿಸಿತ್ತಂತೆ. ನಾನು ಹುಡುಕಿದಾಗ ಆ ಮೇಲ್ ನನ್ನ ಸ್ಪ್ಯಾಮ್ ಫೋಲ್ಡರಿನಲ್ಲಿ ತಣ್ಣಗೆ ಕೂತಿತ್ತು.

ಮಳೆ ಹಿಡಿದಿತ್ತು. ಬಿಸಿಲಿಲ್ಲದೆ ಹಪ್ಪಳ ಒಣಗಲ್ಲ. ಅಮ್ಮ ಡಬ್ಬದಲ್ಲಿದ್ದ 110 ಹಪ್ಪಳದ ಜೊತೆಗೆ ಅಕ್ಕಪಕ್ಕದ ಮನೆಗಳಿಂದ ಕೇಳಿ ತಂದು, ಹೇಗೋ 240 ಮಾಡಿ ಬಸ್ಸಿನಲ್ಲಿ ಕಳಿಸಿದರು. ನನಗೆ ಒಂದು ಮಾತೂ ಬೈಲಿಲ್ಲ. "ಇಷ್ಟು ವರ್ಷದಲ್ಲಿ ಕೊಡ್ತೀನಿ ಅಂದಿದ್ದನ್ನ ತಪ್ಪಿಸಿರಲಿಲ್ಲ ಕಣೇ" ಅಂದರು, ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು.

ಆ ವಾರಾಂತ್ಯ ಊರಿಗೆ ಹೋಗಿ, ಅಮ್ಮನ ಲೆಕ್ಕದ ಪುಸ್ತಕದಿಂದ ಒಂದು ಹಾಳೆ ಹರಿದುಕೊಂಡು ಟೆಸ್ಟ್ ಪ್ಲಾನ್ ಬರೆದೆ. ನೀವೂ ಮನೆಯವರಿಗೋ ನಿಮಗೋ ಒಂದು ಪುಟ್ಟ ವೆಬ್‌ಸೈಟ್ ಮಾಡಿದ್ದರೆ ಈ ಹಾಳೆ ಕೆಲಸಕ್ಕೆ ಬರಬಹುದು.

ಮೊದಲ ಸಾಲು: ಏನು ಕೆಟ್ಟರೆ ಹೆಚ್ಚು ನಷ್ಟ? ಎಲ್ಲವನ್ನೂ ಟೆಸ್ಟ್ ಮಾಡ್ತೀನಿ ಅಂತ ಹೊರಟರೆ ಯಾವುದೂ ಆಗಲ್ಲ. ಫೋಟೋ ವಾರೆಯಾಗಿ ಕಂಡರೆ ಮುಜುಗರ ಅಷ್ಟೇ. ಬೆಲೆ ತಪ್ಪಿದ್ದರೆ ದುಡ್ಡು ಹೋಗುತ್ತೆ. ಆರ್ಡರ್ ಕಳೆದುಹೋದರೆ ಅಮ್ಮನ ಮಾತು ಹೋಗುತ್ತೆ. ಹಾಗಾಗಿ ಆರ್ಡರ್ ಮೊದಲು, ಬೆಲೆ ಎರಡನೆಯದು, ಫೋಟೋ ಕೊನೆಗೆ. ಮೊದಲ ಸಲ ನಾನು ನೋಡಿದ್ದು ಫೋಟೋ ಮಾತ್ರ!

ಎರಡನೇ ಸಾಲು: ಎಲ್ಲಿಂದ ಎಲ್ಲಿವರೆಗೆ? ನಮ್ಮ ಫಾರ್ಮ್ "ಆರ್ಡರ್ ಬಂದಿದೆ" ಅಂತ ಹೇಳ್ತಿತ್ತು. ನಿಜವಾಗಿ ಅದಕ್ಕೆ ಗೊತ್ತಿದ್ದದ್ದು "ಕಳಿಸಿದೆ" ಅನ್ನೋದಷ್ಟೇ. ಕಳಿಸೋದು ಬೇರೆ, ತಲುಪೋದು ಬೇರೆ. ಬಟನ್ ಒತ್ತಿದಲ್ಲಿಗೆ ಟೆಸ್ಟ್ ಮುಗಿಯಲ್ಲ. ಅಮ್ಮನ ಲೆಕ್ಕದ ಪುಸ್ತಕದಲ್ಲಿ ಆ ಹೆಸರು ಬರೆದ ಮೇಲೇ ಮುಗಿಯೋದು.

ಮೂರನೇ ಸಾಲು: ಜನ ಏನೇನು ತುಂಬಬಹುದು? ನಮ್ಮಲ್ಲಿ ಕನಿಷ್ಠ 25 ಹಪ್ಪಳ, ಹೆಚ್ಚೆಂದರೆ 500. ಹಾಗಿದ್ದರೆ 24, 25, 500, 501 ಈ ನಾಲ್ಕನ್ನೂ ಹಾಕಿ ನೋಡಬೇಕು. ತಪ್ಪುಗಳು ಹೆಚ್ಚಾಗಿ ಅಂಚಿನಲ್ಲೇ ಇರುತ್ತವೆ. ಜೊತೆಗೆ ಸೊನ್ನೆ, ಮೈನಸ್, ಖಾಲಿ. ಫೋನ್ ನಂಬರ್ ಅಂದರೆ ಹತ್ತು ಅಂಕಿ ಅಂದುಕೊಂಡಿದ್ದೆ. ಆದರೆ ಜನ ಮುಂದೆ +91 ಹಾಕ್ತಾರೆ, ಸೊನ್ನೆ ಹಾಕ್ತಾರೆ, ಮಧ್ಯೆ ಜಾಗ ಬಿಡ್ತಾರೆ. ಇವನ್ನೆಲ್ಲ ಬೇಡ ಅನ್ನೋ ಬದಲು ಒಪ್ಪಿಕೊಂಡು, ಒಳಗೆ ನಾವೇ ಸರಿಮಾಡಿಕೊಳ್ಳಬೇಕು.

ನನಗೇ ಆಶ್ಚರ್ಯ ಆಗಿದ್ದು ಹೆಸರಿನ ವಿಷಯದಲ್ಲಿ. "ಕಮಲ" ಅಂತ ಕನ್ನಡದಲ್ಲಿ ಬರೆದರೆ ಫಾರ್ಮ್ ಒಪ್ಪುತ್ತೆ, "ಕಮಲಾ" ಅಂದರೆ ಒಪ್ಪಲ್ಲ! ಹೆಸರಿನಲ್ಲಿ ಅಕ್ಷರ ಮಾತ್ರ ಇರಬೇಕು ಅಂತ ನಾನೇ ನಿಯಮ ಬರೆದಿದ್ದೆ. ಯೂನಿಕೋಡ್ ಲೆಕ್ಕದಲ್ಲಿ ನಮ್ಮ ದೀರ್ಘ, ಗುಡಿಸು, ಕೊಂಬು, ಸೊನ್ನೆ ಇವೆಲ್ಲ ಅಕ್ಷರಗಳಲ್ಲ, ಅಕ್ಷರಕ್ಕೆ ಅಂಟಿಕೊಳ್ಳೋ ಚಿಹ್ನೆಗಳು. ಅವಕ್ಕೂ ಜಾಗ ಕೊಡಬೇಕು. ಇಂಗ್ಲಿಷಿನಲ್ಲಿ ಮಾತ್ರ ಹೆಸರು ಹಾಕಿ ನೋಡಿದ್ದರೆ ಇದು ಸಿಗ್ತಾನೇ ಇರಲಿಲ್ಲ.

ನಾಲ್ಕನೇ ಸಾಲು: ಯಾರ ಫೋನಿನಲ್ಲಿ? ನನ್ನದು ಹೊಸ ಫೋನು, ಮನೆಯಲ್ಲಿ ವೈಫೈ. ಅಮ್ಮನ ಗಿರಾಕಿಗಳದ್ದು ಹಳೇ ಆಂಡ್ರಾಯ್ಡ್, ಎರಡು ಗೆರೆ ಸಿಗ್ನಲ್. ಲ್ಯಾಪ್‌ಟಾಪಿನ ಕ್ರೋಮ್‌ನಲ್ಲಿ ಡೆವಲಪರ್ ಟೂಲ್ಸ್ ತೆರೆದರೆ ನೆಟ್‌ವರ್ಕ್ ನಿಧಾನ ಮಾಡಿ ನೋಡೋ ವ್ಯವಸ್ಥೆ ಇದೆ, ದುಡ್ಡು ಕೊಡಬೇಕಿಲ್ಲ. ಹಾಗೆ ನೋಡಿದಾಗ ನಮ್ಮ ಮೊದಲ ಪುಟ ತೆರೆಯೋಷ್ಟರಲ್ಲಿ ಒಂದು ಹಪ್ಪಳ ಕರೆದು ತಿನ್ನಬಹುದಿತ್ತು. ಒಂದೊಂದು ಫೋಟೋ 4 ಎಂಬಿ ಇತ್ತು, 200 ಕೆಬಿಗೆ ಇಳಿಸಿದೆ.

ಐದನೇ ಸಾಲು: ಯಾವಾಗ ಸಾಕು? ಐದು ಜನರಿಗೆ ಕೊಟ್ಟು ನೋಡಿದರೆ ಬಳಕೆಯ ತೊಂದರೆಗಳಲ್ಲಿ ಹೆಚ್ಚಿನವು ಗೊತ್ತಾಗುತ್ತವೆ ಅಂತ ಯಾಕೋಬ್ ನೀಲ್ಸನ್ 2000ದಲ್ಲೇ ಬರೆದಿದ್ದರು. ನಮ್ಮ ಕೆಲಸದಲ್ಲಿ ಇದು ಎಲ್ಲರಿಗೂ ಗೊತ್ತಿರೋ ಮಾತು. ನಾನು ಹಿಡಿದ ಐದು ಜನ: ಅಮ್ಮ, ಚಿಕ್ಕಮ್ಮ, ಪಕ್ಕದ ಮನೆ ಆಂಟಿ, ಪಿಯುಸಿ ಓದೋ ತಮ್ಮ, ಊರಿನ ಕಿರಾಣಿ ಅಂಗಡಿ ಅಣ್ಣ. ಫೋನ್ ಕೈಗೆ ಕೊಟ್ಟು "50 ಹಪ್ಪಳ ತರಿಸಿ" ಅಂತಷ್ಟೇ ಹೇಳಿ ಬಾಯಿ ಮುಚ್ಚಿಕೊಂಡು ಕೂತೆ. ಬಾಯಿ ಮುಚ್ಚೋದೇ ಕಷ್ಟದ ಭಾಗ. ಆಂಟಿಯ ಫೋನಿನಲ್ಲಿ ಕೀಬೋರ್ಡ್ ಬಂದು ಬಟನ್ನನ್ನೇ ಮುಚ್ಚಿಬಿಡ್ತಿತ್ತು. ಅಂಗಡಿ ಅಣ್ಣ ಬಟನ್ ಎರಡು ಸಲ ಒತ್ತಿದರು, ಎರಡು ಆರ್ಡರ್ ಬಂತು. ಚಿಕ್ಕಮ್ಮ "ಸಬ್ಮಿಟ್ ಅಂದ್ರೆ ಏನೇ?" ಅಂದರು. ಅದೀಗ "ಆರ್ಡರ್ ಕಳಿಸಿ" ಆಗಿದೆ. ಐವರೂ ನನ್ನನ್ನು ಏನೂ ಕೇಳದೆ ಆರ್ಡರ್ ಹಾಕಿದ ದಿನ ಸಾಕು ಅಂತ ಬರೆದುಕೊಂಡೆ.

ಕೊನೇ ಸಾಲು: ಆಮೇಲೆ? ಟೆಸ್ಟಿಂಗ್ ಎಷ್ಟು ಮಾಡಿದರೂ ಇನ್ನು ತಪ್ಪೇ ಇಲ್ಲ ಅಂತ ಹೇಳೋಕಾಗಲ್ಲ. ಅದಕ್ಕೆ ಈಗ ಆರ್ಡರ್ ಮೇಲ್ ನನಗೂ ತಮ್ಮನಿಗೂ ಹೋಗುತ್ತೆ. ಫಾರ್ಮ್ ಕೆಳಗೆ ಒಂದು ಸಾಲಿದೆ: "ನಾಳೆ ಸಂಜೆಯೊಳಗೆ ನಾವು ಫೋನ್ ಮಾಡದಿದ್ದರೆ ದಯವಿಟ್ಟು ನೀವೇ ಮಾಡಿ." ಪ್ರತಿ ತಿಂಗಳ ಒಂದನೇ ತಾರೀಕು ನಾನೇ ಒಂದು ಸುಳ್ಳು ಆರ್ಡರ್ ಹಾಕ್ತೀನಿ. ಡೊಮೈನ್ ನವೀಕರಿಸೋ ದಿನ ಫೋನಿನ ಕ್ಯಾಲೆಂಡರಿನಲ್ಲಿದೆ.

ಹಾಳೆ ಬರೆಯೋಕೆ ಹಿಡಿದದ್ದು ಮುಕ್ಕಾಲು ಗಂಟೆ, ಟೆಸ್ಟ್ ಮಾಡೋಕೆ ಎರಡು ಸಂಜೆ. ಆ ಭಾನುವಾರವೇ ಮಾಡಿದ್ದರೆ ಅಮ್ಮ ಮಳೆಯಲ್ಲಿ ಕೊಡೆ ಹಿಡಿದು ಮನೆಮನೆಗೆ ಹೋಗಬೇಕಾಗಿರಲಿಲ್ಲ.

ಈ ತಿಂಗಳು "ಪರೀಕ್ಷೆ" ಅನ್ನೋ ಹೆಸರಿನಲ್ಲಿ ಆರ್ಡರ್ ಹಾಕಿದೆ. ಸಂಜೆ ಅಮ್ಮನ ಫೋನ್: "ಪರೀಕ್ಷೆ ಅನ್ನೋರು 25 ಹಪ್ಪಳ ಕೇಳಿದಾರೆ. ನೀನೇ ತಾನೆ? ಹಾಗೇ ಕಳಿಸಿಬಿಡ್ತೀನಿ, ಖಾಲಿಯಾಗಿರುತ್ತೆ ನಿನ್ನ ಡಬ್ಬ." ಶಿವಮೊಗ್ಗದ ಅಜ್ಜಿಯೂ ಮತ್ತೆ ಆರ್ಡರ್ ಕೊಟ್ಟಿದಾರೆ. ಆದರೆ ವೆಬ್‌ಸೈಟಿನಲ್ಲಲ್ಲ, ಫೋನಿನಲ್ಲಿ. ಅವರನ್ನು ಮತ್ತೆ ವೆಬ್‌ಸೈಟಿಗೆ ಬನ್ನಿ ಅಂತ ಕರೆಯೋ ಧೈರ್ಯ ನನಗಿನ್ನೂ ಬಂದಿಲ್ಲ.